ಮುನೀರಾ ಟೀಚರ್ ಮತ್ತು ಬಣ್ಣದ ಹೆಸರುಗಳು

ತರಕಾರಿ ತರಲು ಮುನೀರಾಳ ಜೊತೆ ಹೋಗುವುದನ್ನು ಅವಳ ಗಂಡ ಜಾವೀದ್ ಬಿಟ್ಟು ಎರಡು ವರ್ಷವಾಯಿತು. ಕಲಬುರಗಿಯ ಸ್ಟೇಶನ್ ಬಜಾರದ ರಸ್ತೆ ಬದಿಯಲ್ಲಿ ಕಾಯಿಪಲ್ಲೆ ಹರವಿಕೊಂಡು ಕೂತ ಹೆಂಗಸರ ಮುಂದೆ ಅವಳು ಕುಕ್ಕುರುಗಾಲಲ್ಲಿ ಕೂತಳೆಂದರೆ ಬೇಗ ಏಳುವ ಮಾತೇ ಇಲ್ಲ. ಎರಡು ಬದನೆಕಾಯಿಗಳನ್ನು ಎರಡು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸುತ್ತಾಳೆ.

"ಅವ್ವಾ, ಈ ಬಣ್ಣಕ್ಕ ನಿಮ್ಮ ಕಡಿ ಏನಂತಾರ್ರಿ?"

"ಬದ್ನಿಕಾಯಿಗಿ ಬದ್ನಿಕಾಯಿ ಬಣ್ಣ ಅಂತೀವಿ, ಮತ್ತೇನಂತಾರ? ಅರ್ಧ ಕಿಲೋ ಹಾಕ್ಲೇನು?"

"ಹಾಕ್ರಿ. ಆದ್ರ ಇಲ್ಲಿ ನೋಡ್ರಿ, ತೊಟ್ಟಿನ ಹತ್ರ ಬ್ಯಾರೇನೇ ಅದ."

ಮಾರುವವಳು ಬಾಗಿ ನೋಡುತ್ತಾಳೆ. ಪಕ್ಕದವಳೂ ನೋಡುತ್ತಾಳೆ. ಅಷ್ಟರಲ್ಲಿ ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗುತ್ತಾರೆ. ಜಾವೀದ್ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡುವವನು, ಹೊತ್ತಿಗೆ ಸರಿಯಾಗಿ ನಡೆಯುವವನು. ಅವನಿಗೆ ಇದು ತಡೆಯುವುದಿಲ್ಲ. ಮೊದಲು ನೀನು ಹೀಗಿರಲಿಲ್ಲ ಎಂದು ಅವನು ಆಗಾಗ ಹೇಳುತ್ತಾನೆ. ಅದೂ ನಿಜವೇ. ಮುನೀರಾ ಹೀಗಾಗಿದ್ದು ಕಮಲಾಪುರದ ಶಾಲೆಯಲ್ಲಿ, ಐದನೇ ತರಗತಿಯ ಹುಡುಗಿಯೊಬ್ಬಳು ಪ್ರಶ್ನೆಪತ್ರಿಕೆಯಲ್ಲಿ ಒಂದು ಜಾಗ ಖಾಲಿ ಬಿಟ್ಟ ಮೇಲೆ.

ಮುನೀರಾ ಹುಟ್ಟಿ ಬೆಳೆದದ್ದೆಲ್ಲ ಬಣ್ಣದ ನಡುವೆಯೇ. ಅವಳ ತಂದೆ ಹಮೀದ್ ಬಟ್ಟೆಗೆ ಬಣ್ಣ ಹಾಕುವ ರಂಗರೇಜ. ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಅಂಗಡಿ. ಒಳಗೆ ಭರ್ರೆನ್ನುವ ಸ್ಟೋವ್, ಅದರ ಮೇಲೆ ಕುದಿಯುವ ನೀರಿನ ದೊಡ್ಡ ಪಾತ್ರೆ, ಹೊರಗೆ ಹಗ್ಗದ ಮೇಲೆ ಒಣಗುವ ದುಪಟ್ಟಾಗಳು. ಹೆಂಗಸರು ಕುಪ್ಪಸದ ಒಂದು ತುಂಡು ತಂದು, ಇದಕ್ಕೆ ಸರಿಹೊಂದುವ ಬಣ್ಣ ಹಾಕಿಕೊಡಿ ಎನ್ನುತ್ತಿದ್ದರು. ಹಮೀದರ ಬಳಿ ಅಳತೆಯ ಚಮಚವಿರಲಿಲ್ಲ, ಬಣ್ಣದ ಪುಸ್ತಕವೂ ಇರಲಿಲ್ಲ. ತುಂಡನ್ನು ಒಮ್ಮೆ ನೋಡಿ, ಮೂರು ಡಬ್ಬಿಗಳಿಂದ ಚಿಟಿಕೆ ಚಿಟಿಕೆ ತೆಗೆದು ನೀರಿಗೆ ಉದುರಿಸುತ್ತಿದ್ದರು. ಬಟ್ಟೆ ಅದ್ದಿ, ಅದರ ಒಂದು ಮೂಲೆಯನ್ನು ಬಿಸಿ ಪಾತ್ರೆಯ ಹೊರಮೈಗೆ ಒತ್ತಿ ಒಣಗಿಸಿ ನೋಡುತ್ತಿದ್ದರು. ಹಸಿ ಬಟ್ಟೆ ಸುಳ್ಳು ಹೇಳುತ್ತದೆ, ಒಣಗಿದ ಮೇಲೆಯೇ ಅದರ ನಿಜವಾದ ಬಣ್ಣ ಎಂದು ಮಗಳಿಗೆ ಹೇಳುತ್ತಿದ್ದರು. ಈರುಳ್ಳಿ ಸಿಪ್ಪೆಯ ತಿಳಿಗೆಂಪು ಅವರ ಬಾಯಲ್ಲಿ ಪ್ಯಾಜಿ. ಒಣಗಿದ ಬೋರೆಹಣ್ಣಿನ ಕಡುಗೆಂಪು ಉನ್ನಾಬಿ. ನೇರಳೆ ಹಣ್ಣಿನದು ಜಾಮ್ನಿ. ಅಂಗಡಿಯ ಕಟ್ಟೆಯ ಮೇಲೆ ಕೂತ ಹುಡುಗಿ ಅಕ್ಷರಕ್ಕಿಂತ ಮೊದಲು ಈ ಹೆಸರುಗಳನ್ನು ಕಲಿತಳು.

ಮನೆಯಲ್ಲಿ ದಖನಿ. ಆದರೂ ಹಮೀದ್ ಮಗಳನ್ನು ಬ್ರಹ್ಮಪುರದ ಕನ್ನಡ ಶಾಲೆಗೆ ಹಾಕಿದರು. ಆಳಂದ, ಚಿಂಚೋಳಿ, ಕಮಲಾಪುರದ ಕಡೆಯಿಂದ ಬರುವ ಗಿರಾಕಿಗಳು ಯಾವ ಬಣ್ಣ ಕೇಳುತ್ತಾರೆಂಬುದು ತನಗೆ ಅರ್ಧ ಮಾತ್ರ ತಿಳಿಯುತ್ತದೆ, ಮಗಳಿಗಾದರೂ ಪೂರ್ತಿ ತಿಳಿಯಲಿ ಎಂಬುದು ಅವರ ಲೆಕ್ಕ. ಅಲ್ಲಿ ಕನ್ನಡ ಕಲಿಸುತ್ತಿದ್ದವರು ಮಾಣಿಕಪ್ಪ ಮಾಸ್ತರರು. ಏಳನೇ ತರಗತಿಯಲ್ಲಿ 'ಸಂಜೆ' ಎಂಬ ಪ್ರಬಂಧ ಬರೆಸಿದಾಗ ಮುನೀರಾ, 'ಸ್ಟೇಶನ್ ಮೇಲಿನ ಮುಗಿಲು ಪ್ಯಾಜಿ ಆಗುತ್ತದೆ' ಎಂದು ಬರೆದಳು. ಮಾಸ್ತರರು ಆ ಶಬ್ದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಇದೇನು?' ಎಂದು ಬರೆದರು. ಬೈಸಿಕೊಳ್ಳಬೇಕಾಗುತ್ತದೆಂದು ಹೆದರಿದ ಹುಡುಗಿ ಮರುದಿನ ಒಂದು ಈರುಳ್ಳಿ ಸಿಪ್ಪೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಹೋದಳು. ಮಾಸ್ತರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಹೌದಲ್ಲ ತಂಗಿ," ಎಂದರು, "ಸಂಜಿ ಮುಗಿಲು ಹಿಂಗೇ ಇರ್ತದ. ನಾನು ಇಷ್ಟ್ ವರ್ಷ ಕೆಂಪು ಕೆಂಪು ಅಂತ ಬರಸಕೋತ ಬಂದೀನಿ."

ಆ ಸಿಪ್ಪೆಯನ್ನು ಅವರು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು. ಮುನೀರಾ ಟೀಚರಾಗಬೇಕೆಂದು ಮನಸ್ಸು ಮಾಡಿದ್ದು ಅಂದೇ.

ಆದಳು ಕೂಡ. ಇಪ್ಪತ್ತನಾಲ್ಕನೇ ವಯಸ್ಸಿಗೆ ಕಮಲಾಪುರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತು. ಬೆಳಗಿನ ಹುಮನಾಬಾದ್ ಬಸ್ಸು ಹಿಡಿದು ಹೋಗುವುದು, ಸಂಜೆ ಸಿಕ್ಕ ಬಸ್ಸಿನಲ್ಲಿ ನಿಂತು ಬರುವುದು. ಹೀಗೆ ಹದಿನಾಲ್ಕು ವರ್ಷ. ಈ ನಡುವೆ ಪ್ರಶ್ನೆ ಕೇಳುವ ಚಪಲ ಎಲ್ಲೋ ಸೋರಿಹೋಗಿತ್ತು. ಪಾಠ ಮುಗಿಸಬೇಕು, ಪರೀಕ್ಷೆ ಮಾಡಬೇಕು, ಮಾಹಿತಿ ಕಳಿಸಬೇಕು. ಹುಲ್ಲಿನ ಬಣ್ಣ ಹಸಿರು, ಆಕಾಶದ ಬಣ್ಣ ನೀಲಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಳು, ಮಕ್ಕಳು ಬರೆದುಕೊಳ್ಳುತ್ತಿದ್ದರು. ಶನಿವಾರದ ಚಿತ್ರಕಲೆ ಪಿರಿಯಡ್ಡಿನಲ್ಲಿ ಇಡೀ ತರಗತಿ ಒಂದೇ ಚಿತ್ರ ಬಿಡಿಸುತ್ತಿತ್ತು: ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಮನೆ, ಪಕ್ಕಕ್ಕೆ ತೆಂಗಿನ ಮರ. ಆ ಮಕ್ಕಳಲ್ಲಿ ಯಾರ ಮನೆಯ ಮುಂದೆಯೂ ತೆಂಗಿನ ಮರವಿರಲಿಲ್ಲ. ಮುನೀರಾ ಎಲ್ಲಕ್ಕೂ ಕೆಳಗೆ 'ಚೆನ್ನಾಗಿದೆ' ಎಂದು ಬರೆದು ಸಹಿ ಹಾಕುತ್ತಿದ್ದಳು.

ಆ ವರ್ಷದ ಆಗಸ್ಟಿನಲ್ಲಿ ಒಂದು ಕಿರುಪರೀಕ್ಷೆ ಕೊಟ್ಟಳು. ಬಿಟ್ಟ ಸ್ಥಳ ತುಂಬುವ ಹತ್ತು ಪ್ರಶ್ನೆಗಳನ್ನು ಹಳೆಯ ಗೈಡಿನಿಂದ ಎತ್ತಿದ್ದಳು. ಏಳನೆಯದು, 'ಬಾಳೆಹಣ್ಣಿನ ಬಣ್ಣ ______.' ಇಪ್ಪತ್ತೇಳು ಮಕ್ಕಳಲ್ಲಿ ಹತ್ತೊಂಬತ್ತು ಜನ ಹಳದಿ ಎಂದು ಬರೆದಿದ್ದರು. ಏಳು ಜನ ಕೆಂಪು ಎಂದಿದ್ದರು. ಕಮಲಾಪುರದ ಮಕ್ಕಳು ಹಾಗೆ ಬರೆದರೆ ತಪ್ಪೆನ್ನುವುದು ಹೇಗೆ? ಅಲ್ಲಿನ ತೋಟಗಳಲ್ಲಿ ಬೆಳೆಯುವುದೇ ಕೆಂಪು ಬಾಳೆ. ಸಂಜೆ ಬಸ್ಸಿನಲ್ಲಿ ಕೂತು ಎರಡಕ್ಕೂ ಅಂಕ ಕೊಡುತ್ತ ಬಂದ ಮುನೀರಾಳ ಕೈ ಮಾಯಾಳ ಹಾಳೆಗೆ ಬಂದು ನಿಂತಿತು.

ಮಾಯಾ ಉಳಿದ ಒಂಬತ್ತನ್ನೂ ಮುತ್ತು ಪೋಣಿಸಿದಂತೆ ಬರೆದಿದ್ದಳು. ಏಳನೆಯದು ಮಾತ್ರ ಖಾಲಿ. ಆದರೆ ಆ ಜಾಗದಲ್ಲಿ ಕಾಗದ ರಬ್ಬರಿನಿಂದ ತಿಕ್ಕಿ ತಿಕ್ಕಿ ಇನ್ನೇನು ತೂತು ಬೀಳುವಂತಿತ್ತು. ಮುನೀರಾ ಹಾಳೆಯನ್ನು ಬಸ್ಸಿನ ಕಿಟಕಿಗೆ ಹಿಡಿದು ನೋಡಿದಳು. ಅಳಿಸಿದ ಗುರುತುಗಳಲ್ಲಿ 'ಕೆಂಪು' ಕಂಡಿತು, ಅದರ ಮೇಲೆ 'ಕರಿ' ಕಂಡಿತು, ಇನ್ನೊಂದು ಶಬ್ದ ಓದಲು ಬರಲಿಲ್ಲ. ಬಸ್ಸು ಕಲಬುರಗಿ ಮುಟ್ಟುವವರೆಗೂ ಆ ಮೂರನೇ ಶಬ್ದ ಏನಿರಬಹುದೆಂದು ಅವಳಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮರುದಿನ ಮಾಯಾಳನ್ನು ಹತ್ತಿರ ಕರೆದಳು.

"ಇದ್ಯಾಕ ಬಿಟ್ಟಿ, ತಂಗಿ? ಗೊತ್ತಿರ್ಲಿಲ್ಲೇನು?"

"ಗೊತ್ತದ ರೀ, ಟೀಚರ್."

"ಮತ್ತ?"

ಮಾಯಾ ನೆಲ ನೋಡಿದಳು. "ಅದಕ ಹೆಸರಿಲ್ರಿ. ಕೆಂಪು ಅಂದ್ರ ಕುಂಕುಮ ಆಗ್ತದ. ನಮ್ಮ ಆಯಿ ತೋಟದಾಗ ಕೆಲಸ ಮಾಡ್ತಾಳ. ನಾ ದಿನಾ ನೋಡ್ತೀನಿ. ಹಣ್ಣು ಹಂಗ ಇರಂಗಿಲ್ರಿ."

"ಹೆಂಗಿರ್ತದ?"

"ನಾಳಿ ತರ್ತೀನ್ರಿ."

ಅವಳ ಆಯಿ, ಅಂದರೆ ಅಜ್ಜಿ, ಸಾಬಮ್ಮ. ಮಾಯಾ ಬೆಳೆದದ್ದು ಅವಳ ಮಡಿಲಲ್ಲೇ. ಹೇಳಿದಂತೆ ಮಾಯಾ ಮರುದಿನ ಹಳೆ ಪೇಪರಿನಲ್ಲಿ ಸುತ್ತಿ ಮೂರು ಬಾಳೆಹಣ್ಣು ತಂದಳು. ಒಂದು ಇನ್ನೂ ಕಾಯಿ, ಒಂದು ಹದವಾಗಿ ಹಣ್ಣಾದದ್ದು, ಒಂದು ಮಾಗಿ ಮೆತ್ತಗಾದದ್ದು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟದ್ದೇ ತಡ, ತರಗತಿಯಲ್ಲಿ ಗುಲ್ಲೆದ್ದಿತು.

"ಇದು ಕೆಂಪ ರೀ!" ಎಂದ ಜೈಭೀಮ. ಅವನು ಪರೀಕ್ಷೆಯಲ್ಲಿ ಕೆಂಪು ಎಂದು ಬರೆದವನು, ಅಷ್ಟು ಸುಲಭಕ್ಕೆ ಬಿಟ್ಟುಕೊಡುವಂತಿರಲಿಲ್ಲ.

"ಎಲ್ಲಿ ಕೆಂಪು? ಈ ಕಾಯಿ ನೋಡು, ಕರ್ರಗ ಅದ," ಎಂದಳು ಪ್ರೀತಿ.

"ಇದು ಕಿತ್ತಳಿಗತೆ ಆಗೇದ," ಎಂದ ಅಯಾನ್, ಮಾಗಿದ ಹಣ್ಣನ್ನು ಮುಟ್ಟಿ. "ಟೀಚರ್, ಮೂರೂ ಒಂದೇ ಗೊನಿದೇನ್ರಿ?"

ಮುನೀರಾ ಕನ್ನಡ ಪುಸ್ತಕ ಮುಚ್ಚಿಟ್ಟಳು. ಬೀರುವಿನಿಂದ ಶನಿವಾರದ ಬಣ್ಣದ ಡಬ್ಬಿ ತೆಗೆದು, ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಈ ಮೂರರಲ್ಲಿ ಒಂದು ಬಣ್ಣವನ್ನು ಕಾಗದದ ಮೇಲೆ ತನ್ನಿ ಎಂದಳು. ಡಬ್ಬಿಯಲ್ಲಿದ್ದದ್ದು ಆರೇ ಬಣ್ಣ. ಒಂದು ತಾಸು ಕಲಸಿದರೂ ಒಬ್ಬರಿಗೂ ಬರಲಿಲ್ಲ. ಒಬ್ಬರದು ಇಟ್ಟಿಗೆಯಾಯಿತು, ಇನ್ನೊಬ್ಬರದು ಕೆಸರಾಯಿತು. ವರಾಂಡದಲ್ಲಿ ಹೋಗುತ್ತಿದ್ದ ಹೆಡ್ ಮಾಸ್ತರ್ ಪ್ರೇಮಕುಮಾರ ಬಾಗಿಲಲ್ಲಿ ನಿಂತು, ಮೊಣಕೈವರೆಗೆ ಬಣ್ಣ ಮೆತ್ತಿಕೊಂಡ ಮಕ್ಕಳನ್ನೂ ಟೀಚರನ್ನೂ ನೋಡಿದರು. ಕೈಗಡಿಯಾರ ನೋಡಿಕೊಂಡು ಹೋದರು.

ಅಂದು ಸಂಜೆ ಮುನೀರಾ ಹದವಾದ ಹಣ್ಣೊಂದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು. ಹಮೀದರಿಗೆ ಆಗ ಎಪ್ಪತ್ತನಾಲ್ಕು. ಹೊಂದಿಕೆಯ ದುಪಟ್ಟಾಗಳು ಮಿಲ್ಲಿನಿಂದಲೇ ಸಿದ್ಧವಾಗಿ ಬರತೊಡಗಿದ ಮೇಲೆ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಮಗಳ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿಬರುವವರ ಬಟ್ಟೆ ನೋಡುವುದೇ ಈಗ ಅವರ ಕೆಲಸ.

"ಅಬ್ಬಾ, ಇದು ಉನ್ನಾಬಿಯಾ?" ಎಂದು ದಖನಿಯಲ್ಲಿ ಕೇಳಿ ಹಣ್ಣು ಕೊಟ್ಟಳು.

ಅವರು ಎದ್ದು ಓಣಿಗೆ ಹೋದರು. ಬೆಳಕಿಗೆ ಹಿಡಿದರು, ನೆರಳಿಗೆ ತಂದರು, ಉಗುರಿನಿಂದ ಸಿಪ್ಪೆಯನ್ನು ಸ್ವಲ್ಪ ಕೆರೆದರು. "ನಕ್ಕೋ ಬೇಟಾ, ಹಾಗೆ ಹೇಳಬೇಡ. ಇದು ಒಂದು ರಂಗ್ ಅಲ್ಲ. ಅಡಿಯಲ್ಲಿ ಹಳದಿ ಕೂತಿದೆ. ನಾನಾಗಿದ್ದರೆ ಮೊದಲು ಹಳದಿಯಲ್ಲಿ ಅದ್ದಿ ಒಣಗಿಸುತ್ತಿದ್ದೆ. ಅದರ ಮೇಲೆ ಕೆಂಪು. ಕೊನೆಗೆ ಕರಿಯ ನೀರಲ್ಲಿ ಒಂದು ಮುಳುಗು."

"ಹೆಸರೇನು ಇದಕ್ಕೆ?"

ಹಮೀದ್ ನಕ್ಕರು. "ಹೆಸರು ನಾನಿಟ್ಟದ್ದೆಂದುಕೊಂಡೆಯಾ? ತುಂಡು ತಂದವರು ಏನು ಕರೆಯುತ್ತಿದ್ದರೋ ನಾನೂ ಅದನ್ನೇ ಕರೆಯುತ್ತಿದ್ದೆ. ಬೆಳೆದವರನ್ನು ಕೇಳು."

ಮರುದಿನ ಮನೆಗೆಲಸವಾಗಿ ಮುನೀರಾ ಅದನ್ನೇ ಕೊಟ್ಟಳು. ಮನೆಯಿಂದ ಒಂದು ವಸ್ತು ತರಬೇಕು. ಅದರ ಬಣ್ಣಕ್ಕೆ ಮನೆಯ ದೊಡ್ಡವರು ಏನೆನ್ನುತ್ತಾರೆಂದು ಕೇಳಬೇಕು. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆಯಬೇಕು. ಅದರ ಕೆಳಗೆ ಪುಸ್ತಕದ ಕನ್ನಡದಲ್ಲಿ ಎರಡು ವಾಕ್ಯ ಬರೆಯಬೇಕು.

ಶುಕ್ರವಾರ ಬೆಳಗ್ಗೆ ತರಗತಿ ಸಂತೆಯಂತಾಗಿತ್ತು. ಜೈಭೀಮ ಹೊಲದ ಮಣ್ಣು ತಂದಿದ್ದ. ಮೊದಲ ಮಳೆ ಬಿದ್ದಾಗ ಅದು 'ಸೀದ ರೊಟ್ಟಿ ಬಣ್ಣ' ಎಂದು ಅವನಪ್ಪ ಹೇಳಿದ್ದನಂತೆ. ಪ್ರೀತಿ ಹಾಲಿನ ಕೆನೆಯನ್ನು ಬಟ್ಟಲಲ್ಲಿ ತಂದು, ದಾರಿಯಲ್ಲಿ ಅರ್ಧ ತಿಂದಿದ್ದಳು. ಅಯಾನ್ ತಾಯಿಯ ಹಳೆಯ ದುಪಟ್ಟಾದ ಅಂಚು ತಂದಿದ್ದ; ಅದು ಫಿರೋಜಿ. ಆಕಾಶಕ್ಕೂ ನವಿಲಿಗೂ ನಡುವಿನ ಬಣ್ಣ ಎಂದು ಅವನೇ ಕೆಳಗೆ ಬರೆದಿದ್ದ. ಎರಡು ಸಾಲು ಬರೆಯಲು ಅಳುತ್ತಿದ್ದ ಹುಡುಗ ಒಂದು ಪುಟ ತುಂಬಿಸಿದ್ದ. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಓದುತ್ತ ಮುನೀರಾ ಪೆನ್ನು ತೆಗೆಯುವುದನ್ನೇ ಮರೆತಳು.

ಮಾಯಾಳ ಹಾಳೆ ಕೊನೆಗೆ ಬಂತು. 'ಹಣ್ಣಾದದ್ದು ಬೂದಿ ಮುಚ್ಚಿದ ಕೆಂಡದಂಗ. ಕಾಯಿ ಇದ್ದಾಗ ಉನ್ನಾಬಿ. ನಮ್ಮ ಆಯಿ ಹೇಳಿದಳು.'

ಮುನೀರಾ ಎರಡು ಸಲ ಓದಿದಳು. ಉನ್ನಾಬಿ! ಅಪ್ಪನ ಅಂಗಡಿಯ ಶಬ್ದ, ಮಾಯಾಳ ಮನೆಗೆ ಹೇಗೆ ಬಂತು? ಶಾಲೆ ಬಿಟ್ಟದ್ದೇ ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ಮಾಯಾಳ ಜೊತೆ ತೋಟದ ಕಡೆ ನಡೆದಳು.

ಸಾಬಮ್ಮ ಒಣಗಿದ ಎಲೆ ಕೊಯ್ಯುತ್ತಿದ್ದಳು. ಟೀಚರ್ ಬಂದದ್ದು ನೋಡಿ ಕುಡುಗೋಲು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. "ಹುಡುಗಿ ಏನರ ತಪ್ಪ್ ಮಾಡ್ಯಾಳೇನ್ರಿ?"

"ಇಲ್ರಿ ಅವ್ವಾ. ಒಂದು ಮಾತು ಕೇಳಾಕ ಬಂದೀನಿ. ಉನ್ನಾಬಿ ಅಂದ್ರ ಏನ್ರಿ?"

ಸಾಬಮ್ಮ ಪಕ್ಕದ ಗೊನೆಯ ಎಳೆಯ ಕಾಯಿಗಳ ಮೇಲೆ ಕೈಯಾಡಿಸಿದಳು. "ಇದ ನೋಡ್ರಿ. ಇದ ಉನ್ನಾಬಿ. ನನ್ನ ಮದ್ವಿ ಸೀರಿನೂ ಇದ ಬಣ್ಣ ಇತ್ತು."

"ಈ ಶಬ್ದ ಯಾರ್ ಹೇಳಿಕೊಟ್ರು ನಿಮಗ?"

"ನಮ್ಮವ್ವ ಅಂತಿದ್ಲು. ಆಕಿಗಿ ಯಾರ್ ಹೇಳಿದ್ರೋ, ಯಾರಿಗ್ಗೊತ್ತು? ಯಾಕ್ರಿ?"

"ಅದು ಉರ್ದು ಶಬ್ದ ರೀ. ನಮ್ಮ ಅಬ್ಬಾ ಅಂತಿದ್ರು. ನಮ್ಮ ಮನೀದು ಅಂದ್ಕೊಂಡಿದ್ದೆ."

"ಹೌದೇನು?" ಸಾಬಮ್ಮ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ನಾ ನಮ್ಮ ಮನೀದು ಅಂದ್ಕೊಂಡಿದ್ನಲ್ರಿ!"

ಇಬ್ಬರೂ ನಕ್ಕರು. ಆ ಶಬ್ದ ಯಾವ ಸಂತೆಯಲ್ಲಿ, ಯಾರ ಬಾಯಿಂದ ಯಾರ ಕಿವಿಗೆ ಬಿದ್ದು ಇಲ್ಲಿಯವರೆಗೆ ನಡೆದು ಬಂತೋ ಮುನೀರಾಳಿಗೆ ಇಂದಿಗೂ ತಿಳಿದಿಲ್ಲ. ಆ ಸಂಜೆ ಬಸ್ಸಿನಲ್ಲಿ ನಿಂತೇ ಒಂದು ಸಣ್ಣ ನೋಟ್ ಬುಕ್ಕಿನಲ್ಲಿ ಅದನ್ನು ಬರೆದುಕೊಂಡಳು. ಬಣ್ಣದ ಹೆಸರುಗಳ ಅವಳ ಪುಸ್ತಕ ಶುರುವಾದದ್ದು ಹಾಗೆ.

ನಂತರ ತರಗತಿಯ ಗೋಡೆಯ ಮೇಲೆ, ಪುಸ್ತಕಗಳಿಗೆ ಹೊದಿಕೆ ಹಾಕುವ ಖಾಕಿ ಕಾಗದವನ್ನು ಉದ್ದಕ್ಕೆ ಅಂಟಿಸಿದರು. ಅದು ಬಣ್ಣದ ಪಟ್ಟಿ. ಬಣ್ಣ ತಂದವರು ಅದನ್ನು ತಾವೇ ಕಲಸಿ ಒಂದು ಚೌಕ ಬಳಿಯಬೇಕು. ಪಕ್ಕದಲ್ಲಿ ಹೆಸರು, ಯಾರು ಹೇಳಿದರೆಂಬುದು, ಎರಡು ವಾಕ್ಯ. ದಿನವೂ ಕನ್ನಡ ಪಿರಿಯಡ್ಡಿನ ಕೊನೆಯ ಇಪ್ಪತ್ತು ನಿಮಿಷ ಒಂದು ಆಟ ನಡೆಯುತ್ತಿತ್ತು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂಡಬೇಕು. ಒಬ್ಬರ ಕೈಯಲ್ಲಿ ಒಂದು ವಸ್ತು, ಇನ್ನೊಬ್ಬರ ಕೈಯಲ್ಲಿ ಕುಂಚ. ಯಾವ ಬಣ್ಣದ ಹೆಸರನ್ನೂ ಹೇಳದೆ, ವಸ್ತುವಿನ ಹೆಸರನ್ನೂ ಹೇಳದೆ, ಬರೀ ಮಾತಿನಲ್ಲಿ ಬಣ್ಣ ತೋರಿಸಬೇಕು.

"ಮಧ್ಯಾಹ್ನ ಕಣ್ಮುಚ್ಚಿ ಸೂರ್ಯನ ಕಡಿ ಮುಖ ಮಾಡಿದ್ರ ಕಾಣ್ತದಲ, ಅದು," ಎಂದಳು ಮಾಯಾ ಒಮ್ಮೆ.

ಜೈಭೀಮ ಕುಂಚ ಹಿಡಿದು ಕಣ್ಣು ಮುಚ್ಚಿದ. ಕಿಟಕಿಯ ಕಡೆ ಮುಖ ಮಾಡಿದ. "ತಡಿ, ಇನ್ನೂ ನೋಡಾಕತ್ತೀನಿ," ಎಂದ. ಇಡೀ ತರಗತಿ ಕಣ್ಣು ಮುಚ್ಚಿ ಕಿಟಕಿಯ ಕಡೆ ತಿರುಗಿತು. ಮುನೀರಾ ಕೂಡ.

ಸೆಪ್ಟೆಂಬರಿನ ಒಂದು ಶನಿವಾರ ಅವಳು ತಂದೆಯನ್ನೇ ಕರೆತಂದಳು. ಹಮೀದ್ ಆರು ವರ್ಷದಿಂದ ಮೂಲೆಯಲ್ಲಿದ್ದ ಪಾತ್ರೆ, ಸ್ಟೋವ್ ಹೊತ್ತುಕೊಂಡು ಬಸ್ಸಿನಲ್ಲಿ ಬಂದರು. ಶಾಲೆಯ ಅಂಗಳದಲ್ಲಿ ನೀರು ಕುದಿಯಿತು. "ಬಚ್ಚೇ ಲೋಗ್, ಸ್ವಲ್ಪ ದೂರ ನಿಂದರ್ರಿ, ನೀರ್ ಬಿಸಿ ಅದ," ಎನ್ನುತ್ತ ಒಂದು ಬಿಳಿ ಬಟ್ಟೆಯನ್ನು ಹಳದಿಗೆ ಅದ್ದಿದರು, ಒಣಹಾಕಿದರು, ಕೆಂಪಿಗೆ ಅದ್ದಿದರು. ಕೆಲಸ ಬಿಟ್ಟು ವರ್ಷಗಳಾದ ಕೈ, ಚಿಟಿಕೆ ತಪ್ಪಿ ಹೆಚ್ಚು ಬಿದ್ದೀತೆಂದು ಮುನೀರಾ ಡಬ್ಬಿಗಳ ಕಡೆಯೇ ನೋಡುತ್ತಿದ್ದಳು. ಬಟ್ಟೆಯ ಮೂಲೆಯನ್ನು ಪಾತ್ರೆಗೆ ಒತ್ತಿ ಒಣಗಿಸಿ ಅವರು ಮಾಯಾಳ ಮುಂದೆ ಹಿಡಿದರು.

"ಹೇಳವಾ, ಹಂಗೇ ಅದ ಏನು?"

ಮಾಯಾ ಹಣ್ಣನ್ನು ಬಟ್ಟೆಯ ಪಕ್ಕಕ್ಕಿಟ್ಟಳು. "ಇಲ್ರಿ ಮುತ್ಯಾ. ಬೂದಿ ಸಾಲ್ದು."

"ಶಹಬ್ಬಾಸ್!" ಎಂದರು ಹಮೀದ್. ಗಿರಾಕಿ ಬಣ್ಣ ಒಪ್ಪದಿದ್ದರೆ ಅವರಿಗೆ ಹಿಂದೆ ಸಿಟ್ಟು ಬರುತ್ತಿತ್ತು. ಈಗ ಮುಖ ಅರಳಿತು. ಕರಿಯದು ಒಂದು ಚಿಟಿಕೆ, ಮತ್ತೆ ಅರ್ಧ. ಮೂರನೇ ಸಲ ಒಣಗಿಸಿದಾಗ ಮಾಯಾ ಹಣ್ಣನ್ನು ಬಟ್ಟೆಯ ಮೇಲಿಟ್ಟು ನೋಡಿ, "ಇವತ್ತಿನ ಹಣ್ಣಿಗಿ ಸರಿ ಅದ ರೀ. ನಾಳಿಗಿ ಇರಂಗಿಲ್ಲ," ಎಂದಳು.

ಅದನ್ನು ಕೇಳಿ ಮುನೀರಾ ಅವಳಿಗೆ ಬೇರೆಯೇ ಒಂದು ಕೆಲಸ ಕೊಟ್ಟಳು. ಒಂದು ಹಣ್ಣನ್ನು ಆರಿಸಿಕೊಂಡು ದಿನಕ್ಕೆ ಒಂದು ಚೌಕ, ಮೂರು ವಾಕ್ಯ, ಹಣ್ಣು ಕೆಡುವವರೆಗೆ.

ಇಷ್ಟೆಲ್ಲದರ ನಡುವೆ ಪಾಠಗಳು ಹಿಂದೆ ಬಿದ್ದವು. ಪ್ರೇಮಕುಮಾರ ಒಂದು ದಿನ ಕರೆದು ಕೂರಿಸಿದರು. "ಮುನೀರಾ ಟೀಚರ್, ಮಕ್ಕಳು ಖುಷಿ ಅದಾರ, ಅದು ನನಗೂ ಕಾಣ್ತದ. ಆದ್ರ ಮೂರು ಪಾಠ ಬಾಕಿ ಅವ. ಕ್ಲಸ್ಟರಿನಿಂದ ಸೋಮವಾರ ನೋಡಾಕ ಬರ್ತಾರ. ಏನ್ ಹೇಳ್ಲಿ?"

ಬಂದವನು ವಿಶ್ವಾಸ, ಕ್ಲಸ್ಟರಿನ ಶಾಲೆಗಳಿಗೆ ಭೇಟಿ ಕೊಡುವ ತರುಣ ಅಧಿಕಾರಿ. ಅವನ ಮೊಬೈಲಿನಲ್ಲಿ ತುಂಬಬೇಕಾದ ಫಾರ್ಮ್ ಇತ್ತು. ಗೋಡೆಯ ಉದ್ದಕ್ಕೂ ಪಟ್ಟಿ ಓದುತ್ತ ಹೋದ.

"ಮೇಡಂ, ಇದು ಕನ್ನಡ ಪಿರಿಯಡ್ಡೋ, ಚಿತ್ರಕಲಾ ಪಿರಿಯಡ್ಡೋ? ಇದರಾಗ ಒಂದಕ್ಕ ಮಾತ್ರ ಟಿಕ್ ಮಾಡಾಕ ಬರ್ತದ."

"ನನಗೂ ತಿಳಿವಲ್ದು ರೀ, ಸರ್," ಎಂದಳು ಮುನೀರಾ. ಕೊಂಕಿನಿಂದ ಹೇಳಿದ್ದಲ್ಲ, ನಿಜಕ್ಕೂ ತಿಳಿದಿರಲಿಲ್ಲ.

"ಇರ್ಲಿ. ಫಿರೋಜಿ, ಉನ್ನಾಬಿ, ಇವು ಕನ್ನಡ ಅಲ್ಲಲ್ರಿ? ಮಕ್ಕಳು ಪರೀಕ್ಷ್ಯಾದಾಗ ಹಿಂಗ ಬರದ್ರ?"

ಅಷ್ಟರಲ್ಲಿ ಪ್ರೀತಿ ಎದ್ದು ನಿಂತಳು. "ಸರ್, ನಿಮ್ಮ ಅಂಗಿ ಬಣ್ಣಕ್ಕ ನಿಮ್ಮ ಮನ್ಯಾಗ ಏನಂತಾರ್ರಿ?"

ವಿಶ್ವಾಸ ತನ್ನ ಅಂಗಿಯನ್ನು ಮೊದಲ ಸಲ ಕಂಡವನಂತೆ ನೋಡಿಕೊಂಡ. "ಹಸಿರು."

"ಯಾವ ಹಸಿರು ರೀ?" ಮೂರು ನಾಲ್ಕು ದನಿ ಒಟ್ಟಿಗೆ ಕೇಳಿದವು.

ಅವನು ತೋಳನ್ನು ಕಿಟಕಿಯ ಬಳಿ ಹಿಡಿದ. ಮೊಬೈಲನ್ನು ಜೇಬಿಗೆ ಹಾಕಿದ. "ತಡೀರಿ… ಇದನ್ನ ತಂದಾಗ ನಮ್ಮವ್ವ ಏನೋ ಅಂದಿದ್ಲು. ಹೆಸರುಬ್ಯಾಳಿ! ಹೆಸರುಬ್ಯಾಳಿ ಬಣ್ಣದ ಅಂಗಿ ತಂದೀಯಲ್ಲೋ ಅಂದಿದ್ಲು."

ಮಕ್ಕಳು ಅವನನ್ನು ಬಿಡಲಿಲ್ಲ. ಕುಂಚ ಕೊಟ್ಟರು. ಅರ್ಧ ತಾಸು ಕಲಸಿ, ಅಂಗಿಯ ತೋಳಿಗೆ ಒಂದು ಕಲೆ ಮಾಡಿಕೊಂಡು, ವಿಶ್ವಾಸ ಪಟ್ಟಿಯಲ್ಲಿ ತನ್ನ ಚೌಕ ಬಳಿದು ತಾಯಿಯ ಹೆಸರು ಬರೆದ. ಹಾಗೆಂದು ಅವನ ವರದಿ ಬರೀ ಹೊಗಳಿಕೆಯಾಗಿರಲಿಲ್ಲ. 'ಕಾಗುಣಿತದ ಕಡೆ ಗಮನ ಬೇಕು' ಎಂದು ಬರೆದಿದ್ದ. ಮುನೀರಾಳ ಮನಸ್ಸಿಗೆ ಚುಚ್ಚಿತು. ಆದರೆ ಪಟ್ಟಿಯ ಮುಂದೆ ನಿಂತು ಓದಿದಾಗ ಅವನ ಮಾತಿನಲ್ಲಿ ತಪ್ಪಿಲ್ಲವೆನಿಸಿತು. ಮಕ್ಕಳ ವಾಕ್ಯಗಳನ್ನೇ ಎರಡು ವಾರ ಉಕ್ತಲೇಖನವಾಗಿ ಬರೆಸಿದಳು. ತಮ್ಮ ಮನೆಯ ಮಾತು ಇಪ್ಪತ್ತೇಳು ಜನರ ಪುಸ್ತಕದಲ್ಲಿ ಸೇರುತ್ತದೆಂದು ಗೊತ್ತಾದ ಮೇಲೆ ಮಕ್ಕಳು ಒತ್ತಕ್ಷರಗಳಿಗಾಗಿ ತಾವೇ ಜಗಳವಾಡತೊಡಗಿದರು. ಬಾಕಿ ಪಾಠಗಳನ್ನು ಬೆಳಗ್ಗೆ ಅರ್ಧ ತಾಸು ಮೊದಲು ಬಂದು ಮುಗಿಸಿದಳು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪವಾಡವೇನೂ ಆಗಲಿಲ್ಲ. ಅಂಕಗಳು ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದವು. ಇಬ್ಬರು ಮಕ್ಕಳಿಗೆ ಆಗಲೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಅವರೊಡನೆ ಮುನೀರಾ ವರ್ಷವಿಡೀ ಹೆಣಗಿದಳು. ಆದರೆ 'ನೀನು ಕಂಡ ಮಳೆಗಾಲ' ಎಂಬ ಪ್ರಶ್ನೆಗೆ ಇಪ್ಪತ್ತೇಳು ಮಕ್ಕಳು ಇಪ್ಪತ್ತೇಳು ಬೇರೆ ಬೇರೆ ಮಳೆ ಬರೆದಿದ್ದರು. ಚಿತ್ರದ ಹಾಳೆಗಳಿಂದ ತೆಂಗಿನ ಮರಗಳು ಒಂದೊಂದಾಗಿ ಜಾಗ ಬಿಟ್ಟಿದ್ದವು.

ಮಾಯಾಳ ಹಣ್ಣಿನ ಪುಸ್ತಕ ಹನ್ನೊಂದು ದಿನಕ್ಕೆ ಮುಗಿಯಿತು. ಹನ್ನೊಂದು ಚೌಕ, ಒಂದರಂತೆ ಇನ್ನೊಂದಿಲ್ಲ. ಕೊನೆಯ ಪುಟದಲ್ಲಿ, 'ಇಂದು ಹಣ್ಣು ಕರ್ರಗಾಗಿದೆ. ವಾಸನೆ ಮಾತ್ರ ಬಹಳ ಸಿಹಿಯಾಗಿದೆ. ಬಣ್ಣ ಹೋದ ಮೇಲೆ ವಾಸನೆ ಬರುತ್ತದೆಯೋ, ವಾಸನೆ ಬಂದದ್ದಕ್ಕೆ ಬಣ್ಣ ಹೋಯಿತೋ ತಿಳಿಯದು' ಎಂದು ಬರೆದಿದ್ದಳು. ಮುನೀರಾ ಅದರ ಕೆಳಗೆ ಸಹಿ ಹಾಕಲು ಹೋಗಿ, ಸುಮ್ಮನೆ ಪುಸ್ತಕ ಮುಚ್ಚಿ, ಒಂದು ದಿನ ಇಟ್ಟುಕೊಳ್ಳಲೇ ಎಂದು ಕೇಳಿದಳು. ಮಾಯಾ ಯೋಚಿಸಿ, "ಒಂದೇ ದಿನ ರೀ," ಎಂದಳು.

ಮುಂದಿನ ಜೂನಿನಲ್ಲಿ ಆ ಮಕ್ಕಳು ಆರನೇ ತರಗತಿಗೆ ಹೋಗುವಾಗ ಪಟ್ಟಿಯನ್ನೂ ಸುತ್ತಿಕೊಂಡು ಹೋದರು. ನೂರಾ ನಲವತ್ತು ಚಿಲ್ಲರೆ ಚೌಕಗಳಿದ್ದವು. ಐದನೆಯ ತರಗತಿಯ ಗೋಡೆ ಖಾಲಿಯಾಯಿತು. ಹೊಸ ಮಕ್ಕಳು ಬಂದು, ನಮಗೂ ಬಣ್ಣದ ಪಟ್ಟಿ ಮಾಡಿಸಿ ಎಂದರು. ಮುನೀರಾ ಹ್ಞೂಂ ಅನ್ನಲಿಲ್ಲ. ಮಾಡಿದ್ದನ್ನೇ ಮಾಡಿದರೆ ಅದೂ ಎರಡು ಗುಡ್ಡದ ನಡುವಿನ ಸೂರ್ಯನಾದೀತೆಂದು ಅವಳ ಅಂಜಿಕೆ. ಹಾಗಾದರೆ ಬೇರೆ ಏನು? ಒಂದು ವಾರ ಯೋಚಿಸಿದರೂ ಹೊಳೆಯಲಿಲ್ಲ.

ಅಂಥದರಲ್ಲಿ ಒಂದು ಮಧ್ಯಾಹ್ನ ಮಳೆ ಸುರಿಯಿತು. ಶಾಲೆಯ ತಗಡಿನ ಮೇಲೆ ಅದು ಬಡಿಯುವ ಸದ್ದಿಗೆ ಪಾಠ ಕೇಳಿಸದಾಯಿತು. ಮುನೀರಾ ಓದುವುದನ್ನು ನಿಲ್ಲಿಸಿ, ಈ ಸದ್ದನ್ನು ಬಾಯಲ್ಲಿ ಹೇಳಿ, ಅಕ್ಷರದಲ್ಲಿ ಬರೆಯಿರಿ, ಆಮೇಲೆ ಅದರ ಗೆರೆ ಎಳೆಯಿರಿ ಎಂದಳು. ಮಕ್ಕಳು ಪೆನ್ಸಿಲ್ ಹಿಡಿದು ಕಿವಿಗೊಟ್ಟರು. ಹಿಂದಿನ ಸಾಲಿನಿಂದ ಉಜೈರ್ ಎಂಬ ಹುಡುಗ ಕೈ ಎತ್ತಿದ.

"ಟೀಚರ್, ತಗಡಿನ ಮ್ಯಾಲ ಬಿದ್ದ ಮಳಿ ಕೇಳ್ತದ. ಬಾಳಿ ಎಲಿ ಮ್ಯಾಲ ಬಿದ್ದದ್ದೂ ಕೇಳ್ತದ. ಎರಿ ಹೊಲದಾಗ ಬಿದ್ದ ಮಳಿಗಿ ಸದ್ದು ಇರ್ತದೇನ್ರಿ?"

ಮುನೀರಾ ನೆನಪು ಮಾಡಿಕೊಳ್ಳಲು ನೋಡಿದಳು. ಹದಿನೈದು ವರ್ಷ ಕರಿಮಣ್ಣಿನ ಹೊಲಗಳ ನಡುವೆ ಬಸ್ಸಿನಲ್ಲಿ ಓಡಾಡಿದ್ದಳು. ಆ ಮಣ್ಣಿನ ಮೇಲೆ ಬಿದ್ದ ಹನಿಯ ಸದ್ದು ಅವಳ ಕಿವಿಯಲ್ಲಿ ಇರಲಿಲ್ಲ.

"ಗೊತ್ತಿಲ್ಲಪ್ಪ," ಎಂದಳು. "ನಡೀರಿ, ಕೇಳೋಣ."

ಮಳೆ ಸ್ವಲ್ಪ ಇಳಿದಿತ್ತು. ಇದ್ದ ಮೂರು ಕೊಡೆ, ತಲೆಯ ಮೇಲೆ ಹೊದ್ದ ಗೊಬ್ಬರದ ಚೀಲಗಳು, ಕೈಯಲ್ಲಿ ಹಿಡಿದ ಚಪ್ಪಲಿಗಳೊಂದಿಗೆ ತರಗತಿ ಶಾಲೆಯ ಹಿಂದಿನ ಹೊಲದ ಬದುವಿಗೆ ಬಂದು ನಿಂತಿತು. ಯಾರೂ ಮಾತಾಡಬಾರದೆಂದು ಮುನೀರಾ ತುಟಿಯ ಮೇಲೆ ಬೆರಳಿಟ್ಟಳು. ಮಕ್ಕಳು ಒಬ್ಬೊಬ್ಬರಾಗಿ ಕುಕ್ಕುರುಗಾಲಲ್ಲಿ ಕೂತು, ತಲೆ ವಾಲಿಸಿ, ಕಿವಿಯನ್ನು ನೆಲದ ಹತ್ತಿರ ತಂದರು. ಅವಳೂ ಸೀರೆ ಎತ್ತಿ ಕಟ್ಟಿ ಅವರ ಪಕ್ಕದಲ್ಲಿ ಬಾಗಿದಳು.